ದ್ವೀಪದಲ್ಲಿ ವಾಸ, ಕಡಲಾಚೆ ಪ್ರಯಾಣ: ಮೊಬೈಲ್ ಫೋನ್ ಮತ್ತು ಸಿಮ್ ಆಯ್ಕೆಯ ಸಮಗ್ರ ಮಾರ್ಗದರ್ಶಿ

ಅಂಡಮಾನ್‌ಗೆ ವರ್ಗವಾಗಿದೆ ಎಂಬ ಆದೇಶ ಕೈಗೆ ಬಂದ ದಿನವೇ ಬಹಳಷ್ಟು ಮಂದಿ ಅಂಗಡಿಗೆ ಹೋಗಿ ಹೊಸ ಫೋನ್ ವಿಚಾರಿಸುತ್ತಾರೆ. ಅಲ್ಲಿ ಯಾವ ಕಂಪನಿಯ ಸಿಮ್ ನಡೆಯುತ್ತದೆ ಎಂಬ ಪ್ರಶ್ನೆ ಅವರಿಗೆ ಹೊಳೆಯುವುದು ಹಡಗಿನಿಂದಲೋ ವಿಮಾನದಿಂದಲೋ ಇಳಿದ ಮೇಲೆ. ಈ ಕ್ರಮವನ್ನು ತಿರುಗಿಸಿಕೊಳ್ಳಬೇಕೆಂದು ಹೇಳುವುದಕ್ಕಾಗಿಯೇ ಈ ಬರಹ. ಮೊದಲು ನೀವಿರುವ ದ್ವೀಪದ ಟವರ್ ಯಾವುದೆಂದು ತಿಳಿಯಬೇಕು. ಆಮೇಲೆ ಯಾವ ಸಂಖ್ಯೆ ಯಾವ ಕೆಲಸಕ್ಕೆಂದು ನಿರ್ಧರಿಸಬೇಕು. ಫೋನ್ ಕೊಳ್ಳುವುದು ಅದಾದ ಮೇಲಿನ ಮಾತು. ಮಧ್ಯ ಅಂಡಮಾನಿನ ರಂಗತ್‌ನಲ್ಲಿ ಇದ್ದ ಅವಧಿಯಲ್ಲಿ ನಾನು ಕಲಿತದ್ದನ್ನೂ, ಅಲ್ಲಿಂದಲೇ ವಿದೇಶಕ್ಕೆ ಹೋಗಿ ಬರುವಾಗ ಗಮನಿಸಿದ್ದನ್ನೂ ಇಲ್ಲಿ ಹಂತ ಹಂತವಾಗಿ ಬರೆದಿದ್ದೇನೆ. ಲಕ್ಷದ್ವೀಪಕ್ಕೆ ಹೋಗುವವರಿಗೂ ಇದರ ಬಹುಭಾಗ ಅನ್ವಯಿಸುತ್ತದೆ.

ಮೊದಲ ಹಂತ: ಟವರ್‌ನ ಹಿಂದೆ ಏನಿದೆ ಎಂದು ತಿಳಿಯಿರಿ

ಫೋನಿನ ತುದಿಯಲ್ಲಿ ಕಾಣುವ ಸಿಗ್ನಲ್ ಕಡ್ಡಿಗಳು ನಿಮ್ಮ ಫೋನಿಗೂ ಹತ್ತಿರದ ಟವರಿಗೂ ನಡುವಿನ ಸಂಪರ್ಕ ಹೇಗಿದೆ ಎಂಬುದನ್ನು ಮಾತ್ರ ಹೇಳುತ್ತವೆ. ಆ ಟವರ್ ಹೊರಜಗತ್ತಿಗೆ ಹೇಗೆ ಜೋಡಣೆಯಾಗಿದೆ ಎಂಬುದು ಅದರಿಂದ ತಿಳಿಯುವುದಿಲ್ಲ. ಬೆಂಗಳೂರಿನಲ್ಲಿ ಈ ವ್ಯತ್ಯಾಸ ಯಾರ ಅನುಭವಕ್ಕೂ ಬರುವುದಿಲ್ಲ, ಏಕೆಂದರೆ ಅಲ್ಲಿ ಬಹುಪಾಲು ಟವರ್‌ಗಳಿಗೆ ಆಪ್ಟಿಕಲ್ ಫೈಬರ್ ತಲುಪಿರುತ್ತದೆ. ದ್ವೀಪದಲ್ಲಾದರೋ ಎಲ್ಲವೂ ನಿಂತಿರುವುದು ಇದರ ಮೇಲೆಯೇ. ಕಡ್ಡಿಗಳೆಲ್ಲ ತುಂಬಿದ್ದರೂ ವಾಟ್ಸ್‌ಆ್ಯಪ್‌ನಲ್ಲಿ ಒಂದು ಚಿತ್ರ ತೆರೆಯಲು ಹತ್ತು ನಿಮಿಷ ಬೇಕಾಗುತ್ತಿದ್ದರೆ, ದೋಷ ನಿಮ್ಮ ಫೋನಿನದಲ್ಲ. ಟವರ್‌ನ ಹಿಂದಿನ ದಾರಿ ಕಿರಿದಾಗಿದೆ ಎಂದು ಅರ್ಥ.

ಅಂಡಮಾನ್ ಮತ್ತು ನಿಕೋಬಾರ್ ದ್ವೀಪಗಳು ಬಹುಕಾಲ ಉಪಗ್ರಹವನ್ನೇ ನೆಚ್ಚಿಕೊಂಡಿದ್ದವು. ಚೆನ್ನೈಯಿಂದ ಸಮುದ್ರದಡಿ ಹಾಸಿದ, ಸುಮಾರು 2,300 ಕಿಲೋಮೀಟರ್ ಉದ್ದದ ಆಪ್ಟಿಕಲ್ ಫೈಬರ್ ಕೇಬಲ್ 2020ರ ಆಗಸ್ಟ್ 10ರಂದು ಉದ್ಘಾಟನೆಗೊಂಡ ಮೇಲೆ ಪರಿಸ್ಥಿತಿ ಬದಲಾಯಿತು. ಈ ಕೇಬಲ್ ಪೋರ್ಟ್ ಬ್ಲೇರ್ ಅಲ್ಲದೆ, ಅಂದರೆ 2024ರಿಂದ ಶ್ರೀ ವಿಜಯ ಪುರ ಎಂಬ ಹೆಸರು ಪಡೆದಿರುವ ನಗರವಲ್ಲದೆ, ಸ್ವರಾಜ್ ದ್ವೀಪ, ಲಾಂಗ್ ಐಲೆಂಡ್, ರಂಗತ್, ಲಿಟ್ಲ್ ಅಂಡಮಾನ್, ಕಾರ್ ನಿಕೋಬಾರ್, ಕಾಮೋರ್ಟಾ ಮತ್ತು ಗ್ರೇಟ್ ನಿಕೋಬಾರ್‌ಗಳಲ್ಲಿ ದಡ ಸೇರುತ್ತದೆ. ಲಕ್ಷದ್ವೀಪಕ್ಕೆ ಕೊಚ್ಚಿಯಿಂದ ಬಂದಿರುವ ಕೇಬಲ್ 2024ರ ಜನವರಿ 3ರಂದು ಕವರತ್ತಿಯಲ್ಲಿ ಉದ್ಘಾಟನೆಯಾಯಿತು; ಅದು ಅಗತ್ತಿ, ಅಮಿನಿ, ಕಲ್ಪೇನಿ, ಮಿನಿಕಾಯ್, ಆಂಡ್ರೋತ್ ಸೇರಿದಂತೆ 11 ದ್ವೀಪಗಳನ್ನು ಮುಟ್ಟುತ್ತದೆ.

ಆದುದರಿಂದ ಮೊದಲು ಮಾಡಬೇಕಾದ ಕೆಲಸ, ನೀವು ಹೋಗಿ ನೆಲೆಸಬೇಕಾದ ಊರು ಕೇಬಲ್ ದಡ ಸೇರುವ ದ್ವೀಪದಲ್ಲಿದೆಯೇ, ಇದ್ದರೆ ದಡದಿಂದ ಎಷ್ಟು ದೂರ ಎಂದು ನಕ್ಷೆಯಲ್ಲಿ ನೋಡಿಕೊಳ್ಳುವುದು. ಕೇಬಲ್ ದ್ವೀಪಕ್ಕೆ ಬಂದಿತೆಂದ ಮಾತ್ರಕ್ಕೆ ದ್ವೀಪದ ಪ್ರತಿ ಹಳ್ಳಿಗೂ ಬಂದಂತಾಗುವುದಿಲ್ಲ. ದಡದ ಕೇಂದ್ರದಿಂದ ಒಳನಾಡಿನ ಟವರ್‌ಗಳಿಗೆ ಫೈಬರ್ ಇಲ್ಲವೇ ತಂತಿಯಿಲ್ಲದ ಮೈಕ್ರೋವೇವ್ ಕೊಂಡಿ ಬೇಕು, ಕಾಡು ಮತ್ತು ಗುಡ್ಡಗಳ ನಡುವೆ ಅವೆರಡೂ ಸುಲಭವಲ್ಲ.

ಎರಡನೆಯದಾಗಿ, ಕಂಪನಿಗಳ ವ್ಯಾಪ್ತಿ ನಕ್ಷೆಗಳನ್ನು ನೋಡಿ. ಸೇವೆಯ ಗುಣಮಟ್ಟದ ಕುರಿತು ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರವಾದ ಟ್ರಾಯ್ 2024ರಲ್ಲಿ ಹೊರಡಿಸಿದ ನಿಯಮಗಳ ಪ್ರಕಾರ, ಎಲ್ಲೆಲ್ಲಿ 2ಜಿ, 3ಜಿ, 4ಜಿ, 5ಜಿ ಸಿಗುತ್ತದೆ ಎಂಬ ನಕ್ಷೆಯನ್ನು ಪ್ರತಿ ಕಂಪನಿಯೂ ತನ್ನ ಜಾಲತಾಣದಲ್ಲಿ ಪ್ರಕಟಿಸಬೇಕು. ನಕ್ಷೆ ಆರಂಭಕ್ಕೆ ಮಾತ್ರ. ಅದಕ್ಕಿಂತ ನಂಬಲರ್ಹವಾದದ್ದು ಅದೇ ಊರಿನಲ್ಲಿ, ಸಾಧ್ಯವಾದರೆ ಅದೇ ಕ್ವಾರ್ಟರ್ಸ್‌ನಲ್ಲಿ ಈಗ ವಾಸಿಸುತ್ತಿರುವವರ ಮಾತು. ಅವರಲ್ಲಿ "ನೆಟ್‌ವರ್ಕ್ ಇದೆಯೇ" ಎಂದು ಕೇಳಿದರೆ "ಇದೆ" ಎಂಬ ಉತ್ತರವೇ ಬರುತ್ತದೆ. ಮನೆಯೊಳಗೆ ಯಾವ ಸಿಮ್ ಮಾತಾಡಿಸುತ್ತದೆ, ಕರೆಂಟ್ ಹೋದ ಎಷ್ಟು ಹೊತ್ತಿಗೆ ಟವರ್ ನಿಲ್ಲುತ್ತದೆ, ಸಂಜೆ ಏಳರಿಂದ ಹತ್ತರವರೆಗೆ ಡೇಟಾ ಹೇಗಿರುತ್ತದೆ ಎಂದು ಬಿಡಿಸಿ ಕೇಳಬೇಕು. ಶ್ರೀ ವಿಜಯ ಪುರದವರ ಅನುಭವವನ್ನು ಗ್ರೇಟ್ ನಿಕೋಬಾರ್‌ನ ಕ್ಯಾಂಪ್‌ಬೆಲ್ ಬೇಗೆ ಅನ್ವಯಿಸಿಕೊಳ್ಳುವುದು, ಬೆಂಗಳೂರಿನವರ ಮಾತನ್ನು ನಂಬಿ ಆಗುಂಬೆಯಲ್ಲಿ ಮನೆ ಮಾಡಿದಂತಾಗುತ್ತದೆ.

ಮುಖ್ಯ ಪಟ್ಟಣಗಳಲ್ಲಿ ಖಾಸಗಿ ಕಂಪನಿಗಳ ಸೇವೆಯೂ ಉಂಟು. ಪಟ್ಟಣ ಬಿಟ್ಟು ದೂರ ಹೋದಷ್ಟೂ, ವಿಶೇಷವಾಗಿ ನಿಕೋಬಾರ್ ಕಡೆಗೆ ಹೋದಷ್ಟೂ, ಬಿಎಸ್‌ಎನ್‌ಎಲ್ ಒಂದನ್ನು ಜೊತೆಯಲ್ಲಿ ಇಟ್ಟುಕೊಳ್ಳುವುದು ಒಳ್ಳೆಯದು ಎಂಬುದು ನನ್ನ ಖಚಿತ ಅಭಿಪ್ರಾಯ. ವೇಗದಲ್ಲಿ ಅದು ಮುಂದಿರುತ್ತದೆ ಎಂದು ನಾನು ಹೇಳುತ್ತಿಲ್ಲ. ಲಾಭ ಕಡಿಮೆ ಇರುವ ಜಾಗದಲ್ಲೂ ಟವರ್ ನಿಲ್ಲಿಸಿರುವ ಸಂಸ್ಥೆ ಅದು.

ಎರಡನೆಯ ಹಂತ: ಗುರುತಿನ ಸಂಖ್ಯೆಯನ್ನೂ ಬಳಕೆಯ ಸಂಖ್ಯೆಯನ್ನೂ ಬೇರೆ ಮಾಡಿ

ಈ ಇಡೀ ಬರಹದಲ್ಲಿ ಒಂದನ್ನೇ ನೆನಪಿಡುವುದಾದರೆ ಇದನ್ನು ನೆನಪಿಡಿ. ಬ್ಯಾಂಕು, ಆಧಾರ್, ಭವಿಷ್ಯನಿಧಿ, ಆದಾಯ ತೆರಿಗೆ ಇವೆಲ್ಲಕ್ಕೂ ಜೋಡಿಸಿರುವ ಸಂಖ್ಯೆ ನಿಮ್ಮ ಗುರುತು. ಅದರಲ್ಲಿ ಡೇಟಾ ಬಾರದಿದ್ದರೂ ನಡೆಯುತ್ತದೆ, ಓಟಿಪಿ ಬಂದರೆ ಸಾಕು. ದಿನನಿತ್ಯ ಮಾತಾಡಲು ಮತ್ತು ಇಂಟರ್ನೆಟ್ ಬಳಸಲು ಬೇಕಾದದ್ದು ಆಯಾ ಜಾಗದಲ್ಲಿ ಬಲವಾಗಿರುವ ಮತ್ತೊಂದು ಸಂಖ್ಯೆ. ದ್ವೀಪಕ್ಕೆ ಹೋದರೂ ವಿದೇಶಕ್ಕೆ ಹೋದರೂ ಬದಲಾಗಬೇಕಾದದ್ದು ಎರಡನೆಯದು ಮಾತ್ರ.

ಹೊರಡುವ ಅವಸರದಲ್ಲಿ ಕೆಲವರು ಕರ್ನಾಟಕದ ಸಂಖ್ಯೆಯನ್ನೇ ದ್ವೀಪದಲ್ಲಿ ಚೆನ್ನಾಗಿರುವ ಕಂಪನಿಗೆ ಪೋರ್ಟ್ ಮಾಡಿಬಿಡುತ್ತಾರೆ, ಅಂದರೆ ಸಂಖ್ಯೆಯನ್ನು ಹಾಗೆಯೇ ಉಳಿಸಿಕೊಂಡು ಕಂಪನಿ ಬದಲಿಸುತ್ತಾರೆ. ಪೋರ್ಟ್ ಮಾಡುವುದು ತಪ್ಪಲ್ಲ, 2015ರ ಜುಲೈನಿಂದ ದೇಶದ ಯಾವ ವಲಯಕ್ಕಾದರೂ ಸಂಖ್ಯೆಯನ್ನು ಒಯ್ಯಬಹುದು. ಆದರೆ ಒಮ್ಮೆ ಪೋರ್ಟ್ ಮಾಡಿದ ಮೇಲೆ 90 ದಿನ ಮತ್ತೆ ಬದಲಿಸಲಾಗದು; ಹೊಸ ಕಂಪನಿ ನಿಮ್ಮ ಕ್ವಾರ್ಟರ್ಸ್‌ನಲ್ಲಿ ಸಿಗದೆ ಹೋದರೆ ಮೂರು ತಿಂಗಳು ಗುರುತಿನ ಸಂಖ್ಯೆಯೇ ಮೂಕವಾಗುತ್ತದೆ. ಟೆಲಿಕಾಂ ಪರವಾನಗಿಯ ಲೆಕ್ಕದಲ್ಲಿ ಅಂಡಮಾನ್ ಮತ್ತು ನಿಕೋಬಾರ್ ಪಶ್ಚಿಮ ಬಂಗಾಳ ವಲಯಕ್ಕೂ, ಲಕ್ಷದ್ವೀಪ ಕೇರಳ ವಲಯಕ್ಕೂ ಸೇರುತ್ತವೆ. ಹಾಗಾಗಿ ಅಲ್ಲಿ ನಿಮ್ಮ ಕರ್ನಾಟಕದ ಸಿಮ್ ರೋಮಿಂಗ್‌ನಲ್ಲಿರುತ್ತದೆ. ಈಗಿನ ಅನಿಯಮಿತ ಕರೆಯ ಪ್ಯಾಕ್‌ಗಳಲ್ಲಿ ದೇಶದೊಳಗಿನ ರೋಮಿಂಗ್ ಸೇರಿರುವುದರಿಂದ ಬೇರೆ ಶುಲ್ಕದ ಚಿಂತೆ ಬೇಡ. ಕರ್ನಾಟಕದ ಸಂಖ್ಯೆಯನ್ನು ಹಾಗೆಯೇ ಉಳಿಸಿಕೊಂಡು, ದ್ವೀಪಕ್ಕೆ ಹೋಗಿ ಒಂದು ವಾರ ನೋಡಿ, ಆಮೇಲೆ ಎರಡನೆಯ ಸಿಮ್ ಕೊಳ್ಳಿ. ಒಬ್ಬರ ಹೆಸರಿನಲ್ಲಿ 9 ಸಂಪರ್ಕಗಳವರೆಗೆ ಅವಕಾಶವಿದೆ.

ಈಗ ಇ-ಸಿಮ್‌ನ, ಅಂದರೆ ಫೋನಿನೊಳಗೇ ಕೂರಿಸಿರುವ, ಕೈಯಿಂದ ತೆಗೆಯಲಾಗದ ಸಿಮ್‌ನ ಪ್ರಶ್ನೆ. ಗುರುತಿನ ಸಂಖ್ಯೆಯನ್ನು ಪ್ಲಾಸ್ಟಿಕ್ ಸಿಮ್‌ನಲ್ಲಿಡಬೇಕೋ ಇ-ಸಿಮ್‌ನಲ್ಲೋ? ಪಟ್ಟಣದಲ್ಲಿರುವವರಿಗೆ ಇ-ಸಿಮ್ ಸುರಕ್ಷಿತ, ಕಳ್ಳ ಅದನ್ನು ಕಿತ್ತುಕೊಳ್ಳಲಾರ. ದ್ವೀಪದಲ್ಲಿ ನನ್ನ ಅನುಭವ ಬೇರೆಯಾಯಿತು. ಜೆಟ್ಟಿಯಲ್ಲಿ ಅಲೆಯ ನೀರು ಸಿಡಿದು ಫೋನ್ ಸತ್ತ ದಿನ, ನನ್ನ ಬ್ಯಾಂಕಿನ ಸಂಖ್ಯೆ ಅದರೊಳಗೆ ಇ-ಸಿಮ್ ಆಗಿತ್ತು. ಪ್ಲಾಸ್ಟಿಕ್ ಸಿಮ್ ಆಗಿದ್ದರೆ ಅದನ್ನು ತೆಗೆದು ನೆರೆಯವರ ಹಳೆಯ ಫೋನಿಗೆ ಹಾಕಿ ಎರಡು ನಿಮಿಷದಲ್ಲಿ ಮುಗಿಸಬಹುದಿತ್ತು. ಅದರ ಬದಲು ಬಸ್ಸು ಮತ್ತು ಬಾರ್ಜ್ ಹಿಡಿದು, ಜಾರವಾ ಬುಡಕಟ್ಟಿನ ಮೀಸಲು ಕಾಡನ್ನು ವಾಹನಗಳು ಸಾಲಾಗಿ ದಾಟುವ ಬೆಂಗಾವಲಿನ ಸರದಿಗಾಗಿ ಕಾದು, ಶ್ರೀ ವಿಜಯ ಪುರದವರೆಗೆ ಹೋಗಿ ಗುರುತಿನ ದಾಖಲೆ ಕೊಟ್ಟು ಹೊಸ ಸಿಮ್ ಪಡೆಯಬೇಕಾಯಿತು. ಸಿಮ್ ಬದಲಿಸಿದ ಮೇಲೆ ಮೋಸ ತಡೆಯುವ ಸಲುವಾಗಿ 24 ಗಂಟೆ ಕಾಲ ಎಸ್ಎಂಎಸ್ ಸೇವೆಯನ್ನು ತಡೆಹಿಡಿಯುವ ನಿಯಮವಿದೆ. ನಿಯಮ ಸರಿಯಾದದ್ದೇ, ಆದರೆ ಆ ಒಂದು ದಿನ ಓಟಿಪಿ ಬಾರದೆ ಮನೆಗೆ ಹಣ ಕಳಿಸಲಾಗಲಿಲ್ಲ. ಅಂದಿನಿಂದ ನನ್ನ ನಿಲುವು ಸ್ಪಷ್ಟ: ಗುರುತಿನ ಸಂಖ್ಯೆ ಪ್ಲಾಸ್ಟಿಕ್ ಸಿಮ್‌ನಲ್ಲಿ, ಆಗಾಗ ಬದಲಾಗುವ ಡೇಟಾ ಸಂಪರ್ಕ ಇ-ಸಿಮ್‌ನಲ್ಲಿ. ಪ್ಲಾಸ್ಟಿಕ್ ಸಿಮ್‌ಗೆ ಪಿನ್ ಲಾಕ್ ಹಾಕಿದರೆ ಕಳ್ಳತನದ ಭಯವೂ ಬಹುಮಟ್ಟಿಗೆ ನೀಗುತ್ತದೆ.

ಮೂರನೆಯ ಹಂತ: ಫೋನ್

ದ್ವೀಪದ ಫೋನಿನಲ್ಲಿ ಕ್ಯಾಮೆರಾಕ್ಕಿಂತ ಮೊದಲು ನೋಡಬೇಕಾದದ್ದು ಬ್ಯಾಂಡ್‌ಗಳ, ಅಂದರೆ ಅದು ಬಳಸಬಲ್ಲ ತರಂಗ ಶ್ರೇಣಿಗಳ, ಪಟ್ಟಿ. ಟವರ್ ಯಾವ ತರಂಗದಲ್ಲಿ ಮಾತಾಡುತ್ತದೆಯೋ ಅದನ್ನು ಫೋನ್ ಕೇಳಿಸಿಕೊಳ್ಳಬಲ್ಲದೇ ಎಂಬುದೇ ಇಲ್ಲಿನ ವಿಷಯ. ಬಿಎಸ್‌ಎನ್‌ಎಲ್‌ನ 4ಜಿ ಮುಖ್ಯವಾಗಿ 700 ಮೆಗಾಹರ್ಟ್ಸ್‌ನ 28ನೇ ಬ್ಯಾಂಡ್ ಮತ್ತು 2100 ಮೆಗಾಹರ್ಟ್ಸ್‌ನ 1ನೇ ಬ್ಯಾಂಡ್‌ನಲ್ಲಿದೆ. ಜಿಯೋ 3, 5 ಮತ್ತು 40ನೇ ಬ್ಯಾಂಡ್‌ಗಳನ್ನು, ಏರ್‌ಟೆಲ್ 1, 3, 8 ಮತ್ತು 40ನೇ ಬ್ಯಾಂಡ್‌ಗಳನ್ನು ಬಳಸುತ್ತವೆ. ಬ್ಯಾಂಡ್‌ನ ಸಂಖ್ಯೆಯಲ್ಲ, ಮೆಗಾಹರ್ಟ್ಸ್‌ನ ಸಂಖ್ಯೆ ಚಿಕ್ಕದಾದಷ್ಟೂ ತರಂಗ ದೂರ ಸಾಗುತ್ತದೆ, ಗೋಡೆಯನ್ನೂ ಮರಗಳನ್ನೂ ಹೆಚ್ಚು ಸುಲಭವಾಗಿ ದಾಟುತ್ತದೆ. ಟವರ್‌ಗಳು ವಿರಳವಾಗಿರುವ, ಕಾಡು ದಟ್ಟವಾಗಿರುವ ಜಾಗದಲ್ಲಿ 700, 850 ಮತ್ತು 900 ಮೆಗಾಹರ್ಟ್ಸ್‌ಗಳ ಬೆಲೆ ಇರುವುದು ಇದರಿಂದಲೇ. ಹಳೆಯ ಫೋನ್‌ಗಳು ಹಲವು 28ನೇ ಬ್ಯಾಂಡ್ ಇಲ್ಲದೆ ಬಂದಿವೆ. ಪಕ್ಕದವರ ಫೋನಿನಲ್ಲಿ ಬಿಎಸ್‌ಎನ್‌ಎಲ್ 4ಜಿ ಬರುತ್ತಿದ್ದು ನಿಮ್ಮದರಲ್ಲಿ 2ಜಿ ಮಾತ್ರ ತೋರಿಸುತ್ತಿದ್ದರೆ ಮೊದಲು ಇದನ್ನೇ ಅನುಮಾನಿಸಿ. ಮಾದರಿ ಸಂಖ್ಯೆಯನ್ನು ಪೂರ್ತಿಯಾಗಿ ಹಾಕಿ ಕಂಪನಿಯ ಜಾಲತಾಣದಲ್ಲಿ ಪಟ್ಟಿ ನೋಡಬೇಕು, ಏಕೆಂದರೆ ಒಂದೇ ಹೆಸರಿನ ಫೋನ್ ಬೇರೆ ಬೇರೆ ದೇಶಗಳಲ್ಲಿ ಬೇರೆ ಬೇರೆ ಬ್ಯಾಂಡ್‌ಗಳೊಂದಿಗೆ ಮಾರಾಟವಾಗುತ್ತದೆ.

ವಿದೇಶ ಪ್ರಯಾಣವೂ ಇರುವವರು ಇದೇ ಪಟ್ಟಿಯನ್ನು ಇನ್ನಷ್ಟು ಮುಂದುವರಿಸಿ ನೋಡಬೇಕು. ಯೂರೋಪಿನಲ್ಲಿ 3, 7 ಮತ್ತು 20ನೇ ಬ್ಯಾಂಡ್‌ಗಳ ಬಳಕೆ ಹೆಚ್ಚು. ಅಮೆರಿಕದಲ್ಲಿ 2, 12, 13, 66 ಮತ್ತು 71 ಬೇಕಾಗುತ್ತವೆ, ಭಾರತದಲ್ಲಿ ಮಾರಾಟವಾಗುವ ಕಡಿಮೆ ಬೆಲೆಯ ಫೋನ್‌ಗಳಲ್ಲಿ ಇವುಗಳಲ್ಲಿ ಹಲವು ಇರುವುದಿಲ್ಲ. ದ್ವೀಪಕ್ಕಾಗಿ ನೀವು ಹುಡುಕುವ 28ನೇ ಬ್ಯಾಂಡ್ ಆಸ್ಟ್ರೇಲಿಯಾ ಮತ್ತು ಜಪಾನ್‌ಗಳಲ್ಲೂ ಬಳಕೆಯಲ್ಲಿದೆ ಎಂಬುದು ಸಂತೋಷದ ಸಂಗತಿ.

ವಿದೇಶದಲ್ಲಿರುವ ಬಂಧುಗಳಿಂದ ಫೋನ್ ತರಿಸುವವರಿಗೆ ಎರಡು ಎಚ್ಚರಿಕೆಗಳಿವೆ. ಅಮೆರಿಕದಲ್ಲಿ 2022ರ ಐಫೋನ್ 14ರಿಂದೀಚೆಗೆ ಮಾರಾಟವಾಗುವ ಐಫೋನ್‌ಗಳಲ್ಲಿ ಪ್ಲಾಸ್ಟಿಕ್ ಸಿಮ್ ಹಾಕುವ ಜಾಗವೇ ಇಲ್ಲ. ಮೇಲೆ ಹೇಳಿದ ಕಾರಣಕ್ಕೆ ದ್ವೀಪವಾಸಿಗೆ ಅಂಥ ಫೋನ್ ಹೊಂದುವುದಿಲ್ಲ. ಕಂತಿನ ಮೇಲೆ ಕೊಂಡ ಫೋನ್ ಅಲ್ಲಿನ ಕಂಪನಿಗೆ ಲಾಕ್ ಆಗಿರಬಹುದು, ಅದನ್ನು ತೆಗೆಸಿಯೇ ತರಿಸಿಕೊಳ್ಳಬೇಕು. ಇಲ್ಲೇ ಹಳೆಯ ಫೋನ್ ಕೊಳ್ಳುವುದಾದರೆ *#06# ಒತ್ತಿ ಪ್ರತಿ ಫೋನಿಗೂ ಬೇರೆಯಾಗಿರುವ ಐಎಂಇಐ ಸಂಖ್ಯೆ ಪಡೆದು, ದೂರಸಂಪರ್ಕ ಇಲಾಖೆಯ ಸಂಚಾರ್ ಸಾಥಿ ತಾಣದಲ್ಲಿ ಪರೀಕ್ಷಿಸಿ. ಕಳುವಿನ ಮಾಲಾಗಿ ನಿರ್ಬಂಧಕ್ಕೊಳಗಾದ ಫೋನ್ ದೇಶದ ಯಾವ ಜಾಲದಲ್ಲೂ ನಡೆಯುವುದಿಲ್ಲ.

ಇನ್ನು ಉಪ್ಪು ನೀರು. ನೀರು, ಧೂಳು ಒಳಹೋಗದೆಂದು ಸೂಚಿಸುವ ಐಪಿ68 ಎಂಬ ಗುರುತನ್ನು ನೋಡಿ ಸಮುದ್ರಕ್ಕೆ ಧೈರ್ಯವಾಗಿ ಒಯ್ಯುವವರಿದ್ದಾರೆ. ಆ ಪರೀಕ್ಷೆ ನಡೆಯುವುದು ಪ್ರಯೋಗಾಲಯದ ಸಿಹಿನೀರಿನಲ್ಲಿ. ಉಪ್ಪು ನೀರು ಒಣಗಿದ ಮೇಲೆ ಉಳಿಯುವ ಹರಳುಗಳು ಚಾರ್ಜಿಂಗ್ ತೂತಿನ ಲೋಹವನ್ನು ತಿನ್ನುತ್ತವೆ, ತೇವವಿರುವಾಗಲೇ ಚಾರ್ಜರ್ ಚುಚ್ಚಿದರೆ ವಿದ್ಯುತ್ತು ಸೇರಿ ಆ ಕೆಲಸ ಇನ್ನೂ ಬೇಗ ಆಗುತ್ತದೆ. ನನ್ನ ಫೋನ್ ಸತ್ತದ್ದೂ ಹೀಗೆಯೇ. ನೀರು ಬಿದ್ದಾಗ ಅದು ಬದುಕಿತ್ತು, ಅವಸರದಲ್ಲಿ ಚಾರ್ಜಿಗೆ ಹಾಕಿದ ಮೇಲೆ ಹೋಯಿತು. ನೀರು ನಿರೋಧಕ ಫೋನಿಗೆ ಸಮುದ್ರದ ನೀರು ತಗಲಿದರೆ ಸಿಹಿನೀರಿನಿಂದ ಮೃದುವಾಗಿ ತೊಳೆದು, ಗಾಳಿಯಲ್ಲಿ ಪೂರ್ತಿ ಒಣಗಿದ ಮೇಲೆಯೇ ಚಾರ್ಜ್ ಮಾಡಬೇಕು. ತಂತಿಯಿಲ್ಲದ ಚಾರ್ಜಿಂಗ್ ಇರುವ ಫೋನ್ ದುಬಾರಿಯಾದರೂ ದ್ವೀಪದಲ್ಲಿ ಅದಕ್ಕೊಂದು ಅರ್ಥವಿದೆ: ತೂತು ಹಾಳಾದರೂ ಫೋನ್ ಉಳಿಯುತ್ತದೆ. ಅಷ್ಟು ಹಣವಿಲ್ಲದಿದ್ದರೆ ಗಟ್ಟಿಯಾದ ಜಿಪ್ ಚೀಲವೊಂದು ಸಾಕು.

ಕೊಳ್ಳುವ ಮುನ್ನ ಆ ಕಂಪನಿಯ ಸೇವಾ ಕೇಂದ್ರ ದ್ವೀಪದಲ್ಲಿದೆಯೇ ಎಂದು ವಿಚಾರಿಸಿ. ಇಲ್ಲದಿದ್ದರೆ ಒಂದು ಪರದೆ ಬದಲಿಸಲು ಫೋನನ್ನು ಚೆನ್ನೈಗೋ ಕೋಲ್ಕತ್ತಕ್ಕೋ ಕಳಿಸಬೇಕಾಗುತ್ತದೆ. ಎರಡನೆಯದಾಗಿ ಒಂದು ಕೀಪ್ಯಾಡ್ ಫೋನನ್ನೂ ಇಟ್ಟುಕೊಳ್ಳಿ, ಸಾಧ್ಯವಾದರೆ 4ಜಿ ಇರುವುದನ್ನೇ. ಕರೆಂಟ್ ಇಲ್ಲದ ಮಳೆಗಾಲದ ದಿನಗಳಲ್ಲಿ ಅದರ ಬ್ಯಾಟರಿ ದಿನಗಟ್ಟಲೆ ಬರುತ್ತದೆ, ಎಫ್ಎಂ ರೇಡಿಯೊ ಇದ್ದರೆ ಇಂಟರ್ನೆಟ್ ಇಲ್ಲದಾಗಲೂ ಆಕಾಶವಾಣಿ ಕೇಳಬಹುದು.

ಚಂಡಮಾರುತ, ಭೂಕಂಪಗಳ ನಾಡಿದು. 2004ರ ಡಿಸೆಂಬರ್ 26ರ ಸುನಾಮಿಯನ್ನು ಕಾರ್ ನಿಕೋಬಾರ್ ಮರೆತಿಲ್ಲ. ಫೋನಿನ ಸೆಟ್ಟಿಂಗ್‌ನಲ್ಲಿ ತುರ್ತು ಎಚ್ಚರಿಕೆಗಳ ಭಾಗವನ್ನು ತೆರೆದು ಎಲ್ಲವನ್ನೂ ಸಕ್ರಿಯವಾಗಿಡಿ. ಟವರ್‌ಗಳಿಂದ ಏಕಕಾಲಕ್ಕೆ ಎಲ್ಲ ಫೋನ್‌ಗಳಿಗೆ ಹೋಗುವ ಈ ಎಚ್ಚರಿಕೆಯ ವ್ಯವಸ್ಥೆಯನ್ನು 2023ರಲ್ಲಿ ದೇಶದಾದ್ಯಂತ ಪರೀಕ್ಷಿಸಲಾಯಿತು, ದೊಡ್ಡ ಸದ್ದಿನೊಂದಿಗೆ ಬಂದ ಆ ಸಂದೇಶ ಹಲವರಿಗೆ ನೆನಪಿರಬಹುದು. ಸಮುದ್ರದಲ್ಲಿ ಅಪಾಯವಾದಾಗ ಕೋಸ್ಟ್ ಗಾರ್ಡ್‌ನ 1554, ಉಳಿದ ತುರ್ತಿಗೆ 112 ಎಂಬ ಸಂಖ್ಯೆಗಳು ಮನೆಮಂದಿಗೆಲ್ಲ ಗೊತ್ತಿರಲಿ.

ಟವರ್ ಸಿಗದ ಜಾಗಕ್ಕೆ ಉಪಗ್ರಹ ಫೋನ್ ತರೋಣವೆಂದು ಯೋಚಿಸುವವರು ಇಲ್ಲಿ ನಿಲ್ಲಬೇಕು. ಭಾರತದಲ್ಲಿ ದೂರಸಂಪರ್ಕ ಇಲಾಖೆಯ ಅನುಮತಿಯಿಲ್ಲದೆ ಉಪಗ್ರಹ ಫೋನ್ ಇಟ್ಟುಕೊಳ್ಳುವುದು ಅಪರಾಧ. ಚಾರಣಿಗರು ಬಳಸುವ ಸಣ್ಣ ಉಪಗ್ರಹ ಸಂದೇಶ ಸಾಧನಗಳಿಗೂ ಇದು ಅನ್ವಯಿಸುತ್ತದೆ, ಅವುಗಳನ್ನು ತಂದ ವಿದೇಶೀಯರು ವಿಮಾನ ನಿಲ್ದಾಣದಲ್ಲೇ ಬಂಧನಕ್ಕೊಳಗಾದದ್ದುಂಟು. ವಿದೇಶದಿಂದ ಮರಳುವಾಗ ಯಾರಾದರೂ ಉಡುಗೊರೆಯಾಗಿ ಕೊಟ್ಟರೂ ತರಬೇಡಿ.

ನಾಲ್ಕನೆಯ ಹಂತ: ವಿದೇಶಕ್ಕೆ ಹೊರಡುವ ಮುನ್ನ

ಹಿಂದೆ ಎಲ್ಲ ದೇಶಗಳಲ್ಲೂ 2ಜಿ ಇಲ್ಲವೇ 3ಜಿ ಇರುತ್ತಿದ್ದುದರಿಂದ ಯಾವ ಫೋನಾದರೂ ಕರೆ ಮಟ್ಟಿಗೆ ನಡೆಯುತ್ತಿತ್ತು. ಆ ಕಾಲ ಹೋಯಿತು. ಅಮೆರಿಕದ ದೊಡ್ಡ ಕಂಪನಿಗಳು 2022ರಲ್ಲಿ 3ಜಿ ನಿಲ್ಲಿಸಿದವು. ಸಿಂಗಾಪುರ 2017ರಲ್ಲಿಯೇ 2ಜಿಯನ್ನು ಮುಚ್ಚಿ, 2024ರಲ್ಲಿ 3ಜಿಯನ್ನೂ ಮುಚ್ಚಿತು. ಆಸ್ಟ್ರೇಲಿಯಾದಲ್ಲಿ 2024ರ ಅಕ್ಟೋಬರ್ ಕೊನೆಯಲ್ಲಿ 3ಜಿ ನಿಂತಿತು. ತುರ್ತು ಸಂಖ್ಯೆ 000ಕ್ಕೆ 4ಜಿಯ ಮೂಲಕ ಕರೆ ಮಾಡಲಾರದ ಫೋನ್‌ಗಳಿಗೆ ಅಲ್ಲಿನ ಕಂಪನಿಗಳು ಸಂಪರ್ಕವನ್ನೇ ಕೊಡುವುದಿಲ್ಲ. ಇಂಥ ದೇಶಗಳಲ್ಲಿ ಮಾತಾಡಲು ವೋಲ್ಟೆ, ಅಂದರೆ ಕರೆಯನ್ನೂ 4ಜಿಯ ಮೇಲೆಯೇ ಒಯ್ಯುವ ವ್ಯವಸ್ಥೆ, ಬೇಕೇ ಬೇಕು. ನಿಮ್ಮ ಫೋನಿನಲ್ಲಿ ಅದು ಇದ್ದರೆ ಸಾಲದು, ನಿಮ್ಮ ಭಾರತೀಯ ಕಂಪನಿಗೂ ಅಲ್ಲಿನ ಕಂಪನಿಗೂ ವೋಲ್ಟೆ ರೋಮಿಂಗ್ ಒಪ್ಪಂದವೂ ಇರಬೇಕು. ಗ್ರಾಹಕ ಸೇವೆಗೆ ಕರೆ ಮಾಡಿದಾಗ "ಆ ದೇಶದಲ್ಲಿ ರೋಮಿಂಗ್ ಇದೆಯೇ" ಎಂದಷ್ಟೇ ಕೇಳದೆ, "ಧ್ವನಿ ಕರೆ ಮತ್ತು ಎಸ್ಎಂಎಸ್ ಯಾವ ಜಾಲದ ಮೇಲೆ ಬರುತ್ತದೆ" ಎಂದು ಕೇಳಿ, ಆ ಜಾಲದ ಹೆಸರನ್ನು ಬರೆದಿಟ್ಟುಕೊಳ್ಳಿ.

ನಂತರ ಗುರುತಿನ ಸಂಖ್ಯೆಗೆ ಅಂತಾರಾಷ್ಟ್ರೀಯ ರೋಮಿಂಗ್ ಸಕ್ರಿಯಗೊಳಿಸಿ. ಇದನ್ನು ದೇಶ ಬಿಡುವ ಮುನ್ನವೇ ಮಾಡಿ, ಏಕೆಂದರೆ ಇದಕ್ಕೂ ಓಟಿಪಿ ಬೇಕಾಗುತ್ತದೆ, ಅತ್ತ ಹೋದ ಮೇಲೆ ಆ ಓಟಿಪಿಯೇ ಬರುವುದಿಲ್ಲ. ರೋಮಿಂಗ್‌ನಲ್ಲಿ ಬರುವ ಎಸ್ಎಂಎಸ್‌ಗೆ ಶುಲ್ಕವಿದೆಯೇ ಎಂದು ನಿಮ್ಮ ಪ್ಯಾಕ್‌ನ ವಿವರದಲ್ಲಿ ಓದಿ. ಆ ಸಿಮ್‌ನಲ್ಲಿ ಡೇಟಾ ರೋಮಿಂಗ್ ಮುಚ್ಚಿಡಿ. ಒಂದು ಸಿಮ್ ಸೋತಾಗ ತಾನಾಗಿಯೇ ಇನ್ನೊಂದರ ಡೇಟಾಕ್ಕೆ ಜಿಗಿಯುವ ಸೌಲಭ್ಯವನ್ನೂ ಮುಚ್ಚಿಡಿ. ಊಹಿಸದ ಬಿಲ್ ಬರುವುದು ಹೆಚ್ಚಾಗಿ ಈ ಎರಡನೆಯದರಿಂದ.

ಡೇಟಾಕ್ಕೆ ಮೂರು ದಾರಿಗಳಿವೆ. ಮೂರು ನಾಲ್ಕು ದಿನದ ಪ್ರವಾಸಕ್ಕೆ ಭಾರತೀಯ ಕಂಪನಿಯ ರೋಮಿಂಗ್ ಪ್ಯಾಕ್ ಹಿತ, ಏನೂ ಬದಲಿಸಬೇಕಾಗಿಲ್ಲ. ಒಂದೆರಡು ವಾರ, ಎರಡು ಮೂರು ದೇಶ ಎಂದಾದರೆ ಪ್ರವಾಸಿ ಇ-ಸಿಮ್ ಅಗ್ಗ. ಅದರಲ್ಲಿ ಬಹುತೇಕ ಡೇಟಾ ಮಾತ್ರ ಇದ್ದು, ಎಸ್ಎಂಎಸ್ ಪಡೆಯುವ ಸಂಖ್ಯೆ ಇರುವುದಿಲ್ಲ ಎಂಬುದನ್ನು ತಿಳಿದಿರಬೇಕು. ವಿದೇಶಿ ಸಿಮ್‌ಗಳನ್ನು ಭಾರತದಲ್ಲಿ ಮಾರಲು ದೂರಸಂಪರ್ಕ ಇಲಾಖೆಯ ಅನುಮತಿ ಅಗತ್ಯ. ಅನುಮತಿಯಿರುವ ಮಾರಾಟಗಾರರಿಂದಲೇ ಕೊಳ್ಳಿ. ದ್ವೀಪದಿಂದ ಹೊರಡುವವರು ಇ-ಸಿಮ್ ಅನ್ನು ಒಳ್ಳೆಯ ವೈಫೈ ಇರುವ ಜಾಗದಲ್ಲಿ ಮೊದಲೇ ಇಳಿಸಿಕೊಳ್ಳಬೇಕು. ಇಳಿಸಿದ ಕೋಡ್ ಸಾಮಾನ್ಯವಾಗಿ ಒಮ್ಮೆ ಮಾತ್ರ ನಡೆಯುವುದರಿಂದ, ಕೆಲಸ ಮಾಡುತ್ತಿಲ್ಲವೆಂದು ಅಳಿಸಿಬಿಡಬೇಡಿ. ತಿಂಗಳು ಮೀರಿದ ವಾಸಕ್ಕೆ ಆ ದೇಶದ ಸಿಮ್ ಕೊಳ್ಳುವುದೇ ಸರಿ. ಬಹಳಷ್ಟು ದೇಶಗಳಲ್ಲಿ ಅದಕ್ಕೆ ಪಾಸ್‌ಪೋರ್ಟ್ ತೋರಿಸಬೇಕು.

ಎರಡು ದೇಶಗಳ ಮಾತನ್ನು ಬೇರೆಯಾಗಿ ಹೇಳಬೇಕು. ಸಂಯುಕ್ತ ಅರಬ್ ಸಂಸ್ಥಾನದಲ್ಲಿ ವಾಟ್ಸ್‌ಆ್ಯಪ್ ಸಂದೇಶ ಹೋಗುತ್ತದೆ, ಕರೆ ಹೋಗುವುದಿಲ್ಲ; ದುಬೈಯಲ್ಲಿರುವ ಮಂಗಳೂರು, ಉಡುಪಿ ಕಡೆಯವರು ಊರಿಗೆ ಮಾತಾಡಲು ಅನುಮತಿ ಪಡೆದ ಬೇರೆ ಆ್ಯಪ್‌ಗಳನ್ನು ಬಳಸುವುದು ಇದರಿಂದಲೇ. ಚೀನಾದಲ್ಲಿ ಗೂಗಲ್, ವಾಟ್ಸ್‌ಆ್ಯಪ್ ಎರಡೂ ಸ್ಥಳೀಯ ಸಿಮ್‌ನಲ್ಲಿ ತೆರೆಯುವುದಿಲ್ಲ. ರೋಮಿಂಗ್‌ನಲ್ಲಿರುವ ವಿದೇಶಿ ಸಿಮ್‌ನ ಡೇಟಾ ಸಾಮಾನ್ಯವಾಗಿ ಅದರ ತಾಯ್ನಾಡಿನ ಜಾಲದ ಮೂಲಕ ಸಾಗುವುದರಿಂದ ಅದರಲ್ಲಿ ತೆರೆಯುತ್ತವೆ. ಅಲ್ಲಿಗೆ ಹೋಗುವವರು ದುಬಾರಿಯಾದರೂ ರೋಮಿಂಗ್ ಅನ್ನೇ ಆರಿಸಿಕೊಳ್ಳುವುದು ಮೇಲು.

ವಿಹಾರ ಹಡಗುಗಳಲ್ಲಿ ಮತ್ತು ಕೆಲವು ವಿಮಾನಗಳಲ್ಲಿ ಅವುಗಳದೇ ಆದ ಪುಟ್ಟ ಮೊಬೈಲ್ ಜಾಲವಿರುತ್ತದೆ. ದಡ ದೂರವಾದೊಡನೆ ಫೋನ್ ತಾನಾಗಿ ಅದಕ್ಕೆ ಅಂಟಿಕೊಳ್ಳುತ್ತದೆ, ದೇಶವಾರು ರೋಮಿಂಗ್ ಪ್ಯಾಕ್‌ಗಳಲ್ಲಿ ಅದು ಸಾಮಾನ್ಯವಾಗಿ ಸೇರಿರುವುದಿಲ್ಲ. ಹಡಗು ಹೊರಟ ಕೂಡಲೇ ಫ್ಲೈಟ್ ಮೋಡ್‌ಗೆ ಹಾಕಿ, ಬೇಕಿದ್ದರೆ ವೈಫೈ ಮಾತ್ರ ತೆರೆಯಿರಿ. ಚೆನ್ನೈಯಿಂದ ಅಂಡಮಾನ್‌ಗೆ ಹೋಗುವ ಹಡಗು ಸುಮಾರು ಮೂರು ದಿನ ತೆಗೆದುಕೊಳ್ಳುತ್ತದೆ; ಆ ದಿನಗಳಲ್ಲಿ ಕಂತು ಕಟ್ಟುವುದು, ರೀಚಾರ್ಜ್ ಮುಗಿಯುವುದು ಇದ್ದರೆ ಹತ್ತುವ ಮೊದಲೇ ಮುಗಿಸಿಕೊಳ್ಳಿ. ವಿಮಾನದಲ್ಲಿ ಪವರ್ ಬ್ಯಾಂಕ್ ಕೈಚೀಲದಲ್ಲೇ ಇರಬೇಕು, 100 ವ್ಯಾಟ್-ಅವರ್ ಮೀರಬಾರದು. 20,000 ಎಂಎಎಚ್ ಎಂದು ಬರೆದಿರುವುದು ಸುಮಾರು 74 ವ್ಯಾಟ್-ಅವರ್ ಆಗುತ್ತದೆ.

ಐದನೆಯ ಹಂತ: ಸಂಖ್ಯೆಯನ್ನು ಜೀವಂತವಾಗಿಡುವುದು ಮತ್ತು ಒಂದು ದಿನದ ಪರೀಕ್ಷೆ

ಪ್ರೀಪೇಯ್ಡ್ ಸಂಖ್ಯೆಯನ್ನು 90 ದಿನ ಯಾವುದಕ್ಕೂ ಬಳಸದಿದ್ದರೆ ಕಂಪನಿ ಅದನ್ನು ಸ್ಥಗಿತಗೊಳಿಸಬಹುದು, ಮತ್ತೆ 90 ದಿನಗಳ ನಂತರ ಬೇರೆಯವರಿಗೆ ಕೊಡಬಹುದು. ನಿಮ್ಮ ಬ್ಯಾಂಕಿನ ಓಟಿಪಿ ಅಪರಿಚಿತರೊಬ್ಬರಿಗೆ ಹೋಗುವ ದಾರಿ ಇದು. ದೀರ್ಘಕಾಲ ಹೊರಗಿರುವವರು ವ್ಯಾಲಿಡಿಟಿ ಮುಗಿಯುವ ದಿನವನ್ನು ಊರಿನಲ್ಲಿರುವ ಒಬ್ಬರಿಗೆ ಬರೆದುಕೊಡಬೇಕು. ರೀಚಾರ್ಜ್ ಯಾರು ಬೇಕಾದರೂ ಎಲ್ಲಿಂದ ಬೇಕಾದರೂ ಮಾಡಬಹುದು.

ಹೊರಡುವ ಒಂದು ವಾರ ಮುಂಚೆ ಒಂದು ದಿನವನ್ನು ಪರೀಕ್ಷೆಗೆ ಮೀಸಲಿಡಿ. ಮನೆಯ ವೈಫೈ ಮುಚ್ಚಿ, ಫೋನಿನ ಡೇಟಾವನ್ನೂ ಮುಚ್ಚಿ, ದ್ವೀಪದಲ್ಲಿ ಕೇಬಲ್ ಕೆಟ್ಟ ದಿನ ಹೇಗಿರುತ್ತದೋ ಹಾಗೆ ನಡೆಯಿರಿ. ಇಂಟರ್ನೆಟ್ ಇಲ್ಲದೆ ಬ್ಯಾಂಕಿನ ಬಾಕಿ ನೋಡುವ *99# ನಿಮ್ಮ ಸಿಮ್‌ನಲ್ಲಿ ನಡೆಯುತ್ತದೆಯೇ, ನಕ್ಷೆ ಮೊದಲೇ ಇಳಿಸಿಕೊಂಡದ್ದು ತೆರೆಯುತ್ತದೆಯೇ, ಟಿಕೆಟ್ ಮತ್ತು ಪರವಾನಗಿಗಳ ಪ್ರತಿ ಫೋನಿನೊಳಗೇ ಇದೆಯೇ ಎಂದು ನೋಡಿ. ಗುರುತಿನ ಸಿಮ್ ಅನ್ನು ತೆಗೆದು ಕೀಪ್ಯಾಡ್ ಫೋನಿಗೆ ಹಾಕಿ ಒಂದು ಓಟಿಪಿ ತರಿಸಿ. ಸಿಮ್‌ನ ಪಿನ್ ಸಂಖ್ಯೆ ಮರೆತರೆ ಬೇಕಾಗುವ ಪಿಯುಕೆ ಸಂಖ್ಯೆ, ಐಎಂಇಐ, ಮನೆಯ ಇಬ್ಬರ ದೂರವಾಣಿ ಸಂಖ್ಯೆಗಳು, ಇವನ್ನೆಲ್ಲ ಒಂದು ಕಾಗದದಲ್ಲಿ ಬಾಲ್‌ಪೆನ್‌ನಲ್ಲಿ ಬರೆದು, ಸಿಮ್ ತೆಗೆಯುವ ಪಿನ್ನಿನೊಂದಿಗೆ ಜಿಪ್ ಚೀಲಕ್ಕೆ ಹಾಕಿ, ಫೋನ್ ಇಡುವ ಜಾಗಕ್ಕಿಂತ ಬೇರೆ ಜಾಗದಲ್ಲಿಡಿ.